ತೆಂಗು-ಕಂಗುಗಳ ಜಾತಕ

ತೆಂಗಿನ ಸಸಿ ನೆಟ್ಟವನಿಗೆ ತಾನು ನೆಟ್ಟದ್ದು ಎಂಥದ್ದು ಎಂದು ಗೊತ್ತಾಗುವುದು ಆರೇಳು ವರ್ಷ ಕಳೆದ ಮೇಲೆ. ಮೊದಲ ಹೊಂಬಾಳೆ ಬಿಚ್ಚಿ, ಮಿಡಿ ನಿಂತು, ಕಾಯಿ ಬಲಿತು ಕೈಗೆ ಬಂದಾಗಲಷ್ಟೇ ಮರದ ಗುಣ ತಿಳಿಯುತ್ತದೆ. ಅಷ್ಟರಲ್ಲಿ ಗೊಬ್ಬರ ಹಾಕಿದ್ದು, ನೀರು ಬಿಟ್ಟದ್ದು, ಕುರುವಾಯಿ ಹುಳದಿಂದ ಸುಳಿಯನ್ನು ಕಾಪಾಡಿದ್ದು ಎಲ್ಲ ಮುಗಿದಿರುತ್ತದೆ. ಮರ ಕಾಯಿ ಬಿಡದ ಸೋಮಾರಿ ಎಂದು ಗೊತ್ತಾದರೂ ಕಡಿಯಲು ಮನಸ್ಸು ಬಾರದು. ಅಡಿಕೆಯದ್ದೂ ಹೆಚ್ಚುಕಡಿಮೆ ಇದೇ ಕಥೆ. ವರ್ಷ ಒಂದೆರಡು ಕಡಿಮೆ, ಅಷ್ಟೆ. ಮಾವು, ಗೇರುಗಳಂತೆ ಕಸಿ ಕಟ್ಟುವ ಹಾಗೂ ಇಲ್ಲ. ಒಂದೇ ಸುಳಿಯ ಮರ. ಗೆಲ್ಲು ಇಲ್ಲ, ಕುಡಿ ಇಲ್ಲ. ಬೀಜದಿಂದಲೇ ಸಸಿಯಾಗಬೇಕು, ಬೀಜದೊಳಗೆ ತಂದೆ ಯಾರೆಂಬುದು ಗಾಳಿಗೆ, ಜೇನಿಗೆ ಮಾತ್ರ ಗೊತ್ತು.

ಸುಳ್ಯ ತಾಲೂಕಿನ ಮಂಡೆಕೋಲಿನಂಥ ಊರಿನಲ್ಲಿ ಬದುಕು ನಿಂತಿರುವುದೇ ಈ ಎರಡು ಮರಗಳ ಮೇಲೆ. ಊರಿನ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ, ಅಂದರೆ ಕೇರಳ. ತೋಟಗಳನ್ನು ನೋಡಿ ಯಾವುದು ಯಾವ ರಾಜ್ಯದ್ದು ಎಂದು ಹೇಳುವುದು ಕಷ್ಟ. ಕಾಕತಾಳೀಯವೋ ಏನೋ, ತೆಂಗು ಮತ್ತು ಅಡಿಕೆಯ ಬಗ್ಗೆ ನಮ್ಮ ದೇಶದಲ್ಲಿ ನಡೆದ ಸಂಶೋಧನೆಯ ದೊಡ್ಡ ಪಾಲು ನಡೆದಿರುವುದು ಈ ಊರಿನ ಸುತ್ತಮುತ್ತಲೇ. ಪಶ್ಚಿಮಕ್ಕೆ ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿ.ಪಿ.ಸಿ.ಆರ್.ಐ. ಉತ್ತರಕ್ಕೆ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರ. ಇನ್ನೊಂದು ಕಡೆ, ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಕಡಬ ತಾಲೂಕಿನ ಕಿದು. ಅಲ್ಲಿ ಹಲವು ದೇಶಗಳ ತೆಂಗಿನ ತಳಿಗಳು ಒಂದೇ ಕಡೆ ಬೇರು ಬಿಟ್ಟು ನಿಂತಿವೆ. ಈಚಿನ ವರ್ಷಗಳಲ್ಲಿ ಡಿ.ಎನ್.ಎ.ಯನ್ನು ಉದ್ದುದ್ದಕ್ಕೆ ಓದುವ ಹೊಸ ಯಂತ್ರಗಳು ಬಂದ ಮೇಲೆ ಈ ಮರಗಳ ಜಾತಕವನ್ನು ಬರೆದು ಇಡುವುದು ಸಾಧ್ಯವಾಗಿದೆ. ಆದರೆ ಆ ಓದಿಗೆ ಅರ್ಥ ಬರುವುದು ನೂರು ವರ್ಷಗಳಿಂದ ಯಾರೋ ನೆಟ್ಟು, ನಂಬರು ಬರೆದು, ಕಾಯಿ ಎಣಿಸಿಟ್ಟ ಮರಗಳಿಂದ. ಆ ಕಥೆಯನ್ನು ಮೊದಲಿಂದ ನೋಡೋಣ.

1916ರಲ್ಲಿ ಮದರಾಸು ಸರ್ಕಾರ ಕಾಸರಗೋಡು, ಪಿಲಿಕೋಡು, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನೆಗೆಂದೇ ತೋಟಗಳನ್ನು ತೆರೆಯಿತು. ಆಗ ಇವೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಸುಳ್ಯ ಇನ್ನೂ ಪುತ್ತೂರು ತಾಲೂಕಿನೊಳಗಿತ್ತು. ಅಂದರೆ ಮಂಡೆಕೋಲಿನವರಿಗೂ ನೀಲೇಶ್ವರದವರಿಗೂ ಕಲೆಕ್ಟರು ಒಬ್ಬರೇ. 1956ರ ಭಾಷಾವಾರು ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋದಾಗ ತೆಂಗಿನ ಸಂಶೋಧನೆಯೂ ಗಡಿಯಾಚೆ ಉಳಿಯಿತು. 1970ರಲ್ಲಿ ಕಾಸರಗೋಡು ಮತ್ತು ಕಾಯಂಕುಳಂನ ತೆಂಗಿನ ಕೇಂದ್ರಗಳನ್ನೂ ವಿಟ್ಲದ ಅಡಿಕೆ ಕೇಂದ್ರವನ್ನೂ ಕೂಡಿಸಿ ಒಂದೇ ಸಂಸ್ಥೆ ಮಾಡಿದ್ದರಿಂದ ಅಡಿಕೆ ಮತ್ತು ತೆಂಗು ಮತ್ತೆ ಒಂದೇ ಮನೆಯ ಮಕ್ಕಳಾದವು.

ಆ ಹಳೆಯ ತೋಟಗಳಲ್ಲಿ ಮದರಾಸು ಸರ್ಕಾರದ ಎಣ್ಣೆಕಾಳು ತಜ್ಞ ಜೆ.ಎಸ್. ಪಟೇಲ್ 1932ರಲ್ಲಿ ಒಂದು ಕೆಲಸ ಮಾಡಿದರು. ನಮ್ಮ ಕರಾವಳಿಯ ಎತ್ತರದ ತೆಂಗಿನ ಹೊಂಬಾಳೆಯಲ್ಲಿ ಗಂಡು ಹೂಗಳನ್ನು ಅರಳುವ ಮೊದಲೇ ತೆಗೆಸಿ, ಬಟ್ಟೆಯ ಚೀಲ ಕಟ್ಟಿಸಿ, ಹೆಣ್ಣು ಹೂ ಹದಕ್ಕೆ ಬಂದಾಗ ಗಿಡ್ಡ ತಳಿಯ ಪರಾಗವನ್ನು ಕೈಯಾರೆ ಹಾಕಿಸಿದರು. ಅರುವತ್ತು ಎಪ್ಪತ್ತು ಅಡಿ ಎತ್ತರದ ಮರ ಹತ್ತಿ ಈ ನಾಜೂಕಿನ ಕೆಲಸ ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲವೆನ್ನುವುದನ್ನು ಇಲ್ಲಿ ನೆನೆಯಬೇಕು. ಗಿಡ್ಡ ತಳಿ ತ್ರಿಶ್ಶೂರು ಕಡೆಯ ಚಾವಕ್ಕಾಡಿನದು. ಇಂಗ್ಲಿಷರ ಬಾಯಲ್ಲಿ ಅದು ಚೌಘಾಟ್ ಆಗಿ, ಇಂದಿಗೂ ನರ್ಸರಿಯವರು ‘ಚೌಘಾಟ್ ಗ್ರೀನ್ ಡ್ವಾರ್ಫ್’ ಎಂದೇ ಕರೆಯುತ್ತಾರೆ. ಹುಟ್ಟಿದ ಸಸಿಗಳು ತಾಯಿಯ ಗಟ್ಟಿತನವನ್ನೂ ತಂದೆಯ ಹಾಗೆ ಬೇಗ ಫಲ ಕೊಡುವ ಗುಣವನ್ನೂ ತೋರಿಸಿದವು. 1937ರಲ್ಲಿ ಪಟೇಲ್ ಈ ಫಲಿತಾಂಶ ಪ್ರಕಟಿಸಿದರು. ಜಗತ್ತಿನ ಮೊದಮೊದಲ ಸಂಕರ ತೆಂಗುಗಳಲ್ಲಿ ಒಂದು ಅದು. ನೀಲೇಶ್ವರದ ಆ ಮರಗಳಿಂದ ಶುರುವಾದ ದಾರಿಯಲ್ಲೇ ಇಂದಿನ ‘ಟಿ ಇಂಟು ಡಿ’, ‘ಡಿ ಇಂಟು ಟಿ’ ಸಸಿಗಳೆಲ್ಲ ಬಂದಿವೆ.

ಎತ್ತರದ್ದು ಯಾಕೆ ಎತ್ತರ, ಗಿಡ್ಡ ಯಾಕೆ ಗಿಡ್ಡ ಎಂಬುದು ಮಾತ್ರ ಪಟೇಲರಿಗೆ ತಿಳಿದಿರಲಿಲ್ಲ. ತಿಳಿಯುವ ಉಪಾಯವೂ ಆಗ ಇರಲಿಲ್ಲ. ಡಿ.ಎನ್.ಎ.ಯ ರಚನೆ ಗೊತ್ತಾದದ್ದೇ 1953ರಲ್ಲಿ.

ಗಿಡ್ಡ ತಳಿಗೆ ಇನ್ನೊಂದು ಗುಣವಿತ್ತು. ತಿರುವಾಂಕೂರಿನ ಕಡೆ 1882ರಷ್ಟು ಹಿಂದೆಯೇ ತೆಂಗಿಗೆ ಬೇರು ಸೊರಗು ರೋಗ ಕಾಣಿಸಿಕೊಂಡಿತ್ತು. ಮರ ಸಾಯುವುದಿಲ್ಲ, ಗರಿ ಜೋಲುತ್ತದೆ, ಹಳದಿಯಾಗುತ್ತದೆ, ಕಾಯಿ ಕಡಿಮೆಯಾಗುತ್ತ ಹೋಗುತ್ತದೆ. ಎತ್ತರದ ಮರಗಳು ಸಾಲುಸಾಲಾಗಿ ಸೊರಗಿದ ಜಾಗದಲ್ಲೂ ಚೌಘಾಟ್ ಗಿಡ್ಡ ತೆಂಗುಗಳು ಹೆಚ್ಚಿನವು ತಡೆದು ನಿಂತವು. ಅವುಗಳಲ್ಲಿ ಆಯ್ದು ‘ಕಲ್ಪಶ್ರೀ’ ಎಂಬ ತಳಿಯನ್ನು ಮುಂದೆ ಬಿಡುಗಡೆ ಮಾಡಿದರು. ಯಾವ ಶಕ್ತಿಯಿಂದ ಅವು ತಡೆದುಕೊಂಡವು ಎಂಬುದು ಆಮೇಲಿನ ಪ್ರಶ್ನೆ.

ಅಡಿಕೆಗೂ ಇಂಥದ್ದೇ ಶನಿ ಹಿಡಿದಿದೆ. ಹಳದಿ ಎಲೆ ರೋಗ ಎಂದರೆ ಸುಳ್ಯದ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. ಮಧ್ಯ ಕೇರಳದ ಮೂವಾಟುಪುಳದ ಕಡೆ 1914ರಲ್ಲಿ ಮೊದಲು ಕಂಡ ಈ ರೋಗ ಕರ್ನಾಟಕದಲ್ಲಿ ಶೃಂಗೇರಿ, ಕೊಪ್ಪಗಳ ತೋಟಗಳನ್ನು ಹಾಳುಗೆಡವಿತು. ಸುಳ್ಯ ತಾಲೂಕಿನಲ್ಲಿ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆ ಎಕರೆಗಟ್ಟಲೆ ತೋಟಗಳನ್ನು ಹಳದಿ ಮಾಡಿತು. ಸೋಗೆಯ ತುದಿಯಿಂದ ಹಳದಿ ಇಳಿಯುತ್ತದೆ, ಮಂಡೆ ಸಣ್ಣದಾಗುತ್ತದೆ, ಅಡಿಕೆಯ ಒಳತಿರುಳು ಕಪ್ಪಾಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಕೊಳೆರೋಗಕ್ಕಾದರೆ ಬೋರ್ಡೋ ದ್ರಾವಣ ಉಂಟು. ಇದಕ್ಕೆ ಹೊಡೆಯುವ ಮದ್ದಿಲ್ಲ. ಎರಡೂ ರೋಗಗಳಿಗೆ ಕಾರಣ ಫೈಟೊಪ್ಲಾಸ್ಮಾ ಎಂಬ, ಕೋಶಗೋಡೆಯೂ ಇಲ್ಲದ ಅತಿ ಸಣ್ಣ ಬ್ಯಾಕ್ಟೀರಿಯ. ಮರದ ಆಹಾರ ಹರಿಯುವ ನಾಳಗಳೊಳಗೆ ಅದು ಮನೆ ಮಾಡುತ್ತದೆ. ರಸ ಹೀರುವ ಕೀಟಗಳು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಹೀಗಿರುವಾಗ ಉಳಿದಿರುವ ದಾರಿ ಒಂದೇ: ರೋಗ ತಡೆಯುವ ಮರ ಹುಡುಕುವುದು. ಎಲ್ಲ ಹಳದಿಯಾದ ತೋಟದ ನಡುವೆ ಒಂದೋ ಎರಡೋ ಮರ ವರ್ಷಗಟ್ಟಲೆ ಹಸಿರಾಗಿಯೇ ನಿಂತಿರುವುದುಂಟು. ವಿಜ್ಞಾನಿಗಳು ಅಂಥವನ್ನು ಗುರುತಿಸಿ, ಅವುಗಳ ಪರಾಗದಿಂದ ಬೀಜ ಮಾಡಲು, ಎಳೆ ಹಿಂಗಾರದಿಂದ ಅಂಗಾಂಶ ಕೃಷಿಯಲ್ಲಿ ಸಸಿ ಎಬ್ಬಿಸಲು ಕೆಲಸ ಮಾಡುತ್ತಿದ್ದಾರೆ.

ಆ ಹಸಿರು ಮರ ನಿಜವಾಗಿ ರೋಗ ತಡೆಯಿತೋ, ಅಥವಾ ಕೀಟ ಅದರ ಮೇಲೆ ಕೂರಲಿಲ್ಲವೋ? ಹೊರಗಿಂದ ನೋಡಿ ಹೇಳಲಾಗದು. ಮರದೊಳಗಿನ ಬರಹ ಓದಬೇಕು.

ಬರಹ ಎಂದರೆ ಡಿ.ಎನ್.ಎ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಎಳೆ. ಒಂದು ಜೀವಿಯ ಅಂಥ ಸಮಗ್ರ ಬರಹಕ್ಕೆ ಜೀನೋಮ್ ಎನ್ನುತ್ತಾರೆ. ಅದರಲ್ಲಿ ಒಂದೊಂದು ಗುಣಕ್ಕೆ ಕಾರಣವಾದ ವಾಕ್ಯಗಳೇ ವಂಶವಾಹಿಗಳು, ಅಂದರೆ ಜೀನ್‌ಗಳು. ಭತ್ತದ ಜೀನೋಮಿನಲ್ಲಿ ಸುಮಾರು 40 ಕೋಟಿ ಅಕ್ಷರಗಳು. ಮನುಷ್ಯನದ್ದರಲ್ಲಿ 305 ಕೋಟಿ. ತೆಂಗಿನದು ಸುಮಾರು 240 ಕೋಟಿ, ಅಡಿಕೆಯದ್ದು ಸುಮಾರು 250 ಕೋಟಿ! ಹದಿನಾರು ಜೊತೆ ವರ್ಣತಂತುಗಳಲ್ಲಿ ಇದು ಹಂಚಿಹೋಗಿದೆ; ತೆಂಗಿಗೂ ಹದಿನಾರು, ಕಂಗಿಗೂ ಹದಿನಾರು. ಹಾಗೆಂದು ತೆಂಗು ಭತ್ತಕ್ಕಿಂತ ಆರು ಪಾಲು ಬುದ್ಧಿವಂತ ಎಂದೇನೂ ಅರ್ಥವಲ್ಲ. ಎರಡರ ವಂಶವಾಹಿಗಳ ಸಂಖ್ಯೆಯಲ್ಲಿ ಅಂಥ ಅಂತರವಿಲ್ಲ. ದಪ್ಪವಾಗಿರುವುದು ಪುನರಾವರ್ತನೆಯಿಂದ. ತೆಂಗಿನ ಬರಹದ ನಾಲ್ಕರಲ್ಲಿ ಮೂರು ಪಾಲಿನಷ್ಟು ಒಂದೇ ಬಗೆಯ ಸಾಲುಗಳ ನಕಲು, ನಕಲಿನ ನಕಲು. ತಮ್ಮನ್ನು ತಾವೇ ನಕಲು ಮಾಡಿ ಬೇರೆಡೆ ಅಂಟಿಸಿಕೊಳ್ಳುವ ತುಣುಕುಗಳು ಇವು. ಇಂಥ ‘ಜಿಗಿಯುವ ಜೀನ್’ಗಳನ್ನು ಮೆಕ್ಕೆಜೋಳದಲ್ಲಿ ಮೊದಲು ಕಂಡ ಅಮೆರಿಕದ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರ ಮಾತನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ನೊಬೆಲ್ ಬಂದದ್ದು 1983ರಲ್ಲಿ, ಅವರಿಗೆ 81 ವಯಸ್ಸಾದಾಗ.

ಓದುವ ಕಷ್ಟ ಎಲ್ಲಿ ಎನ್ನುವುದನ್ನು ಅಡಿಕೆ ತೋಟದಿಂದಲೇ ಹೇಳಬಹುದು. ಹತ್ತು ಎಕರೆ ತೋಟದ ನಕ್ಷೆ ಬೇಕು, ಆದರೆ ನಿಮ್ಮ ಕ್ಯಾಮೆರಾದಲ್ಲಿ ಒಂದು ಸಲಕ್ಕೆ ಮೂರೇ ಮರ ಬೀಳುತ್ತವೆ ಎನ್ನಿ. ಲಕ್ಷ ಫೋಟೊ ತೆಗೆದು ನೆಲದ ಮೇಲೆ ಹರಡಿ ಜೋಡಿಸಲು ಕೂತರೆ ಗತಿಯೇನು? ಕೆರೆಯ ಬದಿಯ ಫೋಟೊ, ಪಂಪು ಕೊಟ್ಟಿಗೆಯ ಫೋಟೊ, ಹಲಸಿನ ಮರದ ಫೋಟೊ ಸರಿಯಾಗಿ ಕೂರುತ್ತವೆ. ಉಳಿದವೆಲ್ಲ ಮೂರು ಅಡಿಕೆ ಮರ, ಮತ್ತೆ ಮೂರು ಅಡಿಕೆ ಮರ. ಯಾವುದು ಯಾವ ಸಾಲಿನದೆಂದು ಬ್ರಹ್ಮನೂ ಹೇಳಲಾರ. ಎರಡು ಸಾಲುಗಳ ಚಿತ್ರ ಒಂದರ ಮೇಲೊಂದು ಬಿದ್ದು ತೋಟವೇ ಕಿರಿದಾಗಿ ಕಾಣುತ್ತದೆ. ಕ್ಯಾಮೆರಾ ಬದಲಿಸಿ, ಒಂದೇ ಫೋಟೊದಲ್ಲಿ ಕೆರೆಯಿಂದ ಹಲಸಿನ ಮರದವರೆಗಿನ ಇಡೀ ಸಾಲು ಬೀಳುವ ಹಾಗೆ ಮಾಡಿದರೆ? ನಡುವೆ ಎಷ್ಟು ಅಡಿಕೆ ಮರ ಇದ್ದರೂ ತೊಂದರೆಯಿಲ್ಲ. ಎರಡು ತುದಿಯ ಗುರುತು ಸಿಕ್ಕಿತಲ್ಲ.

ಡಿ.ಎನ್.ಎ. ಓದುವ ಚರಿತ್ರೆಯಲ್ಲಿ ಆದದ್ದು ಇದೇ. 1977ರಲ್ಲಿ ಇಂಗ್ಲೆಂಡಿನ ಫ್ರೆಡ್ ಸ್ಯಾಂಗರ್ ಕಂಡುಹಿಡಿದ ವಿಧಾನದಲ್ಲಿ ಒಂದು ಸಲಕ್ಕೆ ಕೆಲವು ನೂರು ಅಕ್ಷರ ಓದಬಹುದಿತ್ತು. ಕೆಲಸ ನಿಧಾನ, ಖರ್ಚು ವಿಪರೀತ. ಈ ಶತಮಾನದ ಮೊದಲ ದಶಕದಲ್ಲಿ ಬಂದ ಯಂತ್ರಗಳು ಕೋಟ್ಯಂತರ ತುಣುಕುಗಳನ್ನು ಒಟ್ಟಿಗೆ ಓದಿ ಖರ್ಚನ್ನು ಪಾತಾಳಕ್ಕೆ ಇಳಿಸಿದವು, ಆದರೆ ಒಂದೊಂದು ತುಣುಕು ನೂರು, ನೂರೈವತ್ತು ಅಕ್ಷರದ್ದು. ಮೂರು ಮರದ ಫೋಟೊ! ಚೀನಾದ ಹೈನಾನ್ ದ್ವೀಪದ ಎತ್ತರದ ತೆಂಗನ್ನು ಈ ಬಗೆಯಲ್ಲಿ ಓದಿ 2017ರಲ್ಲಿ ಪ್ರಕಟಿಸಿದರು. 242 ಕೋಟಿ ಅಕ್ಷರವಿರಬೇಕೆಂದು ಲೆಕ್ಕಹಾಕಿದ್ದ ಬರಹದಲ್ಲಿ 220 ಕೋಟಿ ಕೈಗೆ ಬಂತು. ಅದೂ ಸಾವಿರಾರು ಚೂರುಗಳಾಗಿ. ದೊಡ್ಡ ಕೆಲಸವೇ ಅದು. ಆದರೂ ಪುಟ ಹರಿದ, ಕಟ್ಟು ಬಿಚ್ಚಿದ ಓಲೆಗರಿಯ ಕಟ್ಟಿನ ಹಾಗೆ. ಮನುಷ್ಯನ ಜೀನೋಮ್ ಮುಗಿಯಿತೆಂದು 2003ರಲ್ಲಿ ಸಾರಿದ್ದರೂ ನೂರರಲ್ಲಿ ಎಂಟು ಪಾಲು ಹೀಗೆಯೇ ಖಾಲಿ ಉಳಿದಿತ್ತು. ಅದು ತುಂಬಿದ್ದು 2022ರಲ್ಲಿ, ಉದ್ದನೆಯ ಓದಿನಿಂದ.

ಉದ್ದಕ್ಕೆ ಓದುವ, ‘ಲಾಂಗ್ ರೀಡ್’ ಎಂದು ಕರೆಯುವ, ಯಂತ್ರಗಳು ಎರಡು ಬಗೆ. ಮೊದಲನೆಯದು ಅಮೆರಿಕದ ಪೆಸಿಫಿಕ್ ಬಯೋಸೈನ್ಸಸ್ ಕಂಪೆನಿಯದು, 2011ರಿಂದ ಮಾರುಕಟ್ಟೆಯಲ್ಲಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಯ ತಳದಲ್ಲಿ, ಡಿ.ಎನ್.ಎ. ನಕಲು ಮಾಡುವ ಒಂದೇ ಒಂದು ಕಿಣ್ವವನ್ನು ಕೂರಿಸುತ್ತಾರೆ. ಅದು ಎಳೆಯ ಉದ್ದಕ್ಕೂ ಅಕ್ಷರ ಜೋಡಿಸುತ್ತ ಹೋದಂತೆ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣದ ಮಿಣುಕು ಬೆಳಕು ಬರುತ್ತದೆ. ಯಂತ್ರ ಅದನ್ನು ನೋಡಿ ಬರೆದುಕೊಳ್ಳುತ್ತದೆ. ಎರಡನೆಯದು ಇಂಗ್ಲೆಂಡಿನ ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪೆನಿಯದು. ಒಂದು ತೆಳು ಪೊರೆಯಲ್ಲಿ ಅತಿ ಸಣ್ಣ ರಂಧ್ರ. ಅದರಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಡಿ.ಎನ್.ಎ. ಎಳೆ ಆ ರಂಧ್ರದಲ್ಲಿ ನುಸುಳುವಾಗ ಅಕ್ಷರಕ್ಕೆ ತಕ್ಕಂತೆ ವಿದ್ಯುತ್ತು ಏರಿಳಿಯುತ್ತದೆ. ದಾರವನ್ನು ಬೆರಳ ಸಂದಿಯಲ್ಲಿ ಎಳೆಯುತ್ತ ಗಂಟು ಎಲ್ಲಿದೆ ಎಂದು ತಿಳಿಯುವ ಹಾಗೆ. ಡೇವಿಡ್ ಡೀಮರ್ ಎಂಬ ವಿಜ್ಞಾನಿಗೆ 1989ರಲ್ಲಿ ಕಾರು ಓಡಿಸುತ್ತಿದ್ದಾಗ ಹೊಳೆದು, ನೋಟ್‌ಬುಕ್ಕಿನಲ್ಲಿ ಗೀಚಿಟ್ಟ ಯೋಚನೆ ಇದು. ಅಂಗೈಯಲ್ಲಿ ಹಿಡಿಯುವ ಯಂತ್ರವಾಗಿ ಸಂಶೋಧಕರ ಕೈಗೆ ಬಂದದ್ದು 2014ರಲ್ಲಿ. ಇಪ್ಪತ್ತೈದು ವರ್ಷ!

ಮೊದಮೊದಲು ಎರಡಕ್ಕೂ ತಪ್ಪು ಓದುವ ಚಾಳಿ ಇತ್ತು. ಉದ್ದಕ್ಕೆ ಓದುತ್ತಿದ್ದವು ಸರಿ, ಆದರೆ ನೂರರಲ್ಲಿ ಹತ್ತು ಹದಿನೈದು ಅಕ್ಷರ ತಪ್ಪು. ಆದ್ದರಿಂದ ಉದ್ದನೆಯ ಓದಿನಿಂದ ಹಂದರ ಕಟ್ಟಿ, ಗಿಡ್ಡ ಓದಿನಿಂದ ತಪ್ಪು ತಿದ್ದುವ ಬೆರಕೆ ಪದ್ಧತಿ ಬಂತು. 2019ರ ಹೊತ್ತಿಗೆ, ಎಳೆಯನ್ನು ಬಳೆಯಂತೆ ಸುತ್ತಿ ಅದನ್ನೇ ಮತ್ತೆ ಮತ್ತೆ ಓದಿಸುವ ಉಪಾಯದಿಂದ ಹದಿನೈದು ಸಾವಿರ ಅಕ್ಷರಗಳನ್ನು ಸಾವಿರಕ್ಕೆ ಒಂದು ತಪ್ಪಿನಂತೆ ಓದುವುದು ಸಾಧ್ಯವಾಯಿತು. ನ್ಯಾನೊಪೋರ್‌ನಲ್ಲಿ ಒಂದೇ ಎಳೆಯ ಇಪ್ಪತ್ತು ಲಕ್ಷ ಅಕ್ಷರಗಳನ್ನು ಓದಿದ ದಾಖಲೆಯೂ ಇದೆ.

ಯಂತ್ರ ಎಷ್ಟೇ ಉದ್ದಕ್ಕೆ ಓದಲಿ, ಅದಕ್ಕೆ ಉದ್ದನೆಯ ಎಳೆ ಕೊಡಬೇಕಾದವರು ಮನುಷ್ಯರು. ತೆಂಗು, ಅಡಿಕೆಗಳ ಗರಿಯಲ್ಲಿ ನಾರು, ಅಂಟು, ಕಲೆ ಮಾಡುವ ಒಗರು ಪದಾರ್ಥ ಎಲ್ಲ ತುಂಬಿವೆ. ಅಡಿಕೆ ಸುಲಿದವರ ಬೆರಳು ನೋಡಿದರೆ ಗೊತ್ತಾಗುತ್ತದೆ. ಇನ್ನೂ ಬಿಚ್ಚದ ಸುಳಿಯ ಎಳೆ ಗರಿ ತಂದು, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಅರೆದು, ಒಗರು-ಅಂಟು ತೆಗೆದು ಡಿ.ಎನ್.ಎ. ಬೇರ್ಪಡಿಸಬೇಕು. ಹಳೆಯ ವಿಧಾನದಲ್ಲಿ ಕೊಳವೆಯನ್ನು ಜೋರಾಗಿ ಅಲುಗಿಸಿದರೂ ನಡೆಯುತ್ತಿತ್ತು. ಹೇಗೂ ಚೂರು ಮಾಡಿಯೇ ಓದುವುದಲ್ಲವೇ? ಇಲ್ಲಿ ಹಾಗಲ್ಲ. ಸ್ವಲ್ಪ ಅವಸರ ಮಾಡಿದರೆ ಎಳೆ ತುಂಡಾಗುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರಕ್ಕಿಂತ ಹದವರಿತ ಕೈ ಇಲ್ಲಿ ಮುಖ್ಯ ಎನ್ನುವುದು ನನಗೆ ಯಾಕೋ ಇಷ್ಟವಾಗುವ ಸಂಗತಿ.

2020ರಲ್ಲಿ ಕಾಸರಗೋಡಿನ ಸಂಸ್ಥೆಯ ವಿಜ್ಞಾನಿಗಳು ಚೌಘಾಟ್ ಗಿಡ್ಡ ತೆಂಗಿನ ಜೀನೋಮಿನ ಕರಡು ಪ್ರಕಟಿಸಿದರು. ಗಿಡ್ಡ ಓದು, ಉದ್ದನೆಯ ಓದು ಎರಡನ್ನೂ ಬೆರೆಸಿ ಸುಮಾರು 193 ಕೋಟಿ ಅಕ್ಷರ ಜೋಡಿಸಿದ್ದರು. ಪೂರ್ತಿಯಲ್ಲ, ಆದರೆ ಆರಿಸಿಕೊಂಡ ಮರ ಗಮನಾರ್ಹ: ಬೇರು ಸೊರಗು ರೋಗ ತಡೆದು ನಿಂತ ಅದೇ ತಳಿ, ಪಟೇಲರು 1932ರಲ್ಲಿ ಪರಾಗ ತೆಗೆದುಕೊಂಡ ಅದೇ ತಳಿ. ರೋಗಾಣು ಒಳಗೆ ಬಂದಾಗ ಎಚ್ಚರಿಕೆ ಕೊಡುವ ಬಗೆಯ ವಂಶವಾಹಿಗಳನ್ನು ಅದರಲ್ಲಿ ಪಟ್ಟಿ ಮಾಡಲು ಸಾಧ್ಯವಾಯಿತು. ಇಂಥ ವಂಶವಾಹಿಗಳು ಸಾಮಾನ್ಯವಾಗಿ ಗುಂಪುಗುಂಪಾಗಿ, ಒಂದರ ಪಕ್ಕ ಅದರಂಥದ್ದೇ ಇನ್ನೊಂದು ನಿಂತಿರುತ್ತವೆ. ಗಿಡ್ಡ ಓದಿನಲ್ಲಿ ಐದು ಇದ್ದದ್ದು ಎರಡಾಗಿ ಕಾಣುವ ಅಪಾಯ ಇರುವುದು ಇಲ್ಲಿಯೇ. ರೋಗ ತಡೆಯುವ ಮರಕ್ಕೂ ತಡೆಯದ ಮರಕ್ಕೂ ವ್ಯತ್ಯಾಸ ಆ ಐದು-ಎರಡರಲ್ಲೇ ಇದ್ದರೆ?

ಮರುವರ್ಷ, 2021ರಲ್ಲಿ, ಚೀನಾದ ವಿಜ್ಞಾನಿಗಳು ಎತ್ತರದ ತೆಂಗು ಮತ್ತು ಗಿಡ್ಡ ತೆಂಗು ಎರಡನ್ನೂ ನ್ಯಾನೊಪೋರ್‌ನಲ್ಲಿ ಉದ್ದಕ್ಕೆ ಓದಿ, ಒಂದರ ಪಕ್ಕ ಒಂದಿಟ್ಟು ನೋಡಿದರು. ಎತ್ತರದ್ದು 240 ಕೋಟಿ, ಗಿಡ್ಡದ್ದು 239 ಕೋಟಿ ಅಕ್ಷರ. ಎತ್ತರಕ್ಕೆ ಸಂಬಂಧಪಟ್ಟಂತೆ ಅವರ ಬೆರಳು ಹೋಗಿ ನಿಂತದ್ದು ಜಿಬ್ಬರೆಲಿನ್ ಎಂಬ ಬೆಳವಣಿಗೆಯ ರಸವನ್ನು ತಯಾರಿಸುವ ಒಂದು ವಂಶವಾಹಿಯ ಮೇಲೆ. ಓದುಗರಿಗೆ ಐ.ಆರ್.-8 ಭತ್ತ ನೆನಪಿರಬಹುದು. 1966ರಲ್ಲಿ ಬಂದ, ಹಸಿರು ಕ್ರಾಂತಿಯ ಗಿಡ್ಡ ಭತ್ತ. ಅದು ಗಿಡ್ಡವಾದದ್ದೂ ಇದೇ ಕುಟುಂಬದ ಒಂದು ವಂಶವಾಹಿ ಕೆಟ್ಟದ್ದರಿಂದ. ಗದ್ದೆಯ ಗಿಡ್ಡ ಭತ್ತ, ಹಿತ್ತಿಲ ಗಿಡ್ಡ ತೆಂಗು, ಎರಡೂ ಒಂದೇ ಬಾಗಿಲ ಕೀಲು ಸಡಿಲವಾಗಿ ಗಿಡ್ಡವಾದವು ಎನ್ನಿ. ನೀಲೇಶ್ವರದ ಪ್ರಶ್ನೆಗೆ ಉತ್ತರದ ಜಾಡು ಸಿಗಲು ಎಂಬತ್ತೊಂಬತ್ತು ವರ್ಷ ಹಿಡಿಯಿತು.

ಚರಿತ್ರೆಯ ದೃಷ್ಟಿಯಿಂದ ಇನ್ನೂ ಸ್ವಾರಸ್ಯದ ಸಂಗತಿ ಒಂದಿದೆ. 2011ರಲ್ಲಿ ಬೀ ಗನ್, ಲುಕ್ ಬೊಡುವಾಂ, ಕೆನೆತ್ ಓಲ್ಸೆನ್ ಎಂಬ ಮೂವರು ಜಗತ್ತಿನ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗುಗಳ ಡಿ.ಎನ್.ಎ. ಗುರುತುಗಳನ್ನು ಹೋಲಿಸಿದರು. ತೆಂಗು ಎರಡು ಬೇರೆ ಬೇರೆ ಕಡೆ ಮನುಷ್ಯನ ಕೈ ಸೇರಿತು ಎಂಬುದು ಅವರ ತೀರ್ಮಾನ: ಒಂದು ಹಿಂದೂ ಮಹಾಸಾಗರದ ಕಡೆಯದು, ಇನ್ನೊಂದು ಪೆಸಿಫಿಕ್ ಕಡೆಯದು. ನಮ್ಮ ಕರಾವಳಿಯ ಎತ್ತರದ ತೆಂಗು ಮೊದಲನೆಯ ಗುಂಪಿನದು. ಗಿಡ್ಡ ತೆಂಗುಗಳು ಪೆಸಿಫಿಕ್ ಗುಂಪಿನವು. ಯಾವ ಕಾಲದಲ್ಲಿ, ಯಾವ ಹಡಗಿನಲ್ಲಿ ಅವು ಮಲಬಾರಿಗೆ ಬಂದವೋ! ಅಂತೂ 1932ರಲ್ಲಿ ಆ ಎತ್ತರದ ಮರದ ಮೇಲೆ ನಡೆದದ್ದು ಸಾವಿರಾರು ವರ್ಷ ಬೇರೆಯಾಗಿದ್ದ ಎರಡು ಸಾಗರಗಳ ಮದುವೆ. ಮಾಡಿಸಿದವರಿಗೆ ಅದು ಗೊತ್ತಿರಲಿಲ್ಲ. ಸಂಕರದ ಸಸಿಗಳಲ್ಲಿ ಕಂಡ ಹುರುಪಿಗೆ ಈ ದೂರದ ಸಂಬಂಧವೂ ಒಂದು ಕಾರಣವಿರಬಹುದು.

ಅಡಿಕೆಯ ಕಡೆ ಬಂದರೆ, ಅದರ ಮೂಲ ಆಗ್ನೇಯ ಏಷ್ಯ. ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಅದರ ಹೆಸರು ‘ಅರೆಕಾ’. ನಮ್ಮ ‘ಅಡಿಕೆ’, ಮಲಯಾಳದ ‘ಅಡಯ್ಕ’ ಪೋರ್ಚುಗೀಸರ ಬಾಯಲ್ಲಿ ಹೊರಳಿ ಆದದ್ದು. ಹೆಸರು ನಮ್ಮದು, ಅತಿ ಹೆಚ್ಚು ಬೆಳೆಯುವವರೂ ನಾವು. ಆದರೆ ವರ್ಣತಂತುಗಳ ಮಟ್ಟದಲ್ಲಿ ಅಡಿಕೆಯ ಜೀನೋಮನ್ನು ಮೊದಲು ಕಟ್ಟಿಕೊಟ್ಟದ್ದು 2021ರಲ್ಲಿ ಚೀನಾದ ವಿಜ್ಞಾನಿಗಳು. ನಮ್ಮ ಘಟ್ಟದ ಕರಿಮೆಣಸಿನದ್ದೂ 2019ರಲ್ಲಿ ಅಲ್ಲಿಂದಲೇ ಬಂತು. ಇದರಲ್ಲಿ ನಾಚಬೇಕಾದ್ದೇನೂ ಇಲ್ಲ. ಬರಹವನ್ನು ಯಾರು ಬೇಕಾದರೂ ಓದಲು ಬಿಟ್ಟಿದ್ದಾರೆ. ಕೊಡುಕೊಳೆಯೂ ಹಳೆಯದೇ. ಮಂಡೆಕೋಲಿನ ತೋಟಗಳಲ್ಲೂ ಕಾಣುವ ‘ಮಂಗಳ’ ಅಡಿಕೆ ಚೀನಾದಿಂದ ವಿಟ್ಲಕ್ಕೆ ಬಂದ ಬೀಜದಿಂದ ಆಯ್ದು, 1972ರಲ್ಲಿ ಬಿಡುಗಡೆ ಮಾಡಿದ ತಳಿ. ‘ಸುಮಂಗಳ’ದ ಮೂಲ ಇಂಡೋನೇಷ್ಯ. ಆದರೆ ಹೈನಾನಿನ ಅಡಿಕೆಯ ಬರಹ ಸಂಪಾಜೆಯ ಹಳದಿ ತೋಟದಲ್ಲಿ ಹಸಿರಾಗಿ ನಿಂತ ಮರದ ಗುಟ್ಟನ್ನು ಹೇಳಲಾರದು. ಅದು ಆಧಾರಕ್ಕೆ ಒಂದು ಮೂಲಪ್ರತಿ ಮಾತ್ರ. ನಮ್ಮ ಹಸಿರು ಮರಗಳನ್ನೂ ಪಕ್ಕದ ಹಳದಿ ಮರಗಳನ್ನೂ, ಒಂದೆರಡಲ್ಲ, ನೂರಾರು, ಅದರೊಡನೆ ಹೋಲಿಸಿ ನೋಡಬೇಕಾದವರು ನಾವೇ.

ಪುನರಾವರ್ತನೆಯ ಸಾಲುಗಳನ್ನು ಕಸವೆಂದು ಬಿಟ್ಟರೇನು, ಜೀನ್‌ಗಳನ್ನಷ್ಟೇ ಓದಿದರೆ ಸಾಲದೇ ಎಂದು ಕೇಳುವವರಿಗೆ ಎಣ್ಣೆತಾಳೆಯ ಕಥೆ ಹೇಳಬೇಕು. ಮಲೇಷ್ಯದಲ್ಲಿ ಒಳ್ಳೆಯ ಎಣ್ಣೆತಾಳೆ ಮರಗಳಿಂದ ಅಂಗಾಂಶ ಕೃಷಿಯಲ್ಲಿ ಲಕ್ಷಗಟ್ಟಲೆ ಸಸಿ ಮಾಡಿದರು. ತಾಯಿಮರದ ಪಡಿಯಚ್ಚೇ ಆಗಬೇಕಾದ ಸಸಿಗಳಲ್ಲಿ ಕೆಲವು, ವರ್ಷಗಳ ಮೇಲೆ, ವಿಕಾರವಾದ ಎಣ್ಣೆಯಿಲ್ಲದ ಕಾಯಿ ಬಿಟ್ಟವು. ಅಕ್ಷರಗಳಲ್ಲಿ ವ್ಯತ್ಯಾಸವೇ ಇಲ್ಲ! ಕಾರಣ ಸಿಕ್ಕಿದ್ದು 2015ರಲ್ಲಿ. ಹೂವಿನ ರೂಪ ನಿರ್ಧರಿಸುವ ಒಂದು ಜೀನಿನ ಮಧ್ಯೆ ನಕಲು ತುಣುಕೊಂದು ಮಲಗಿತ್ತು. ಅದರ ಮೇಲಿದ್ದ ರಾಸಾಯನಿಕ ಮುದ್ರೆ ಅಂಗಾಂಶ ಕೃಷಿಯಲ್ಲಿ ಅಳಿಸಿಹೋದಾಗ ಹೂವು ಕೆಡುತ್ತಿತ್ತು. ಆ ತುಣುಕಿನ ಹೆಸರು ‘ಕರ್ಮ’. ಹೌದು, ನಮ್ಮ ಕರ್ಮವೇ. ಮುದ್ರೆ ಇದ್ದರೆ ಒಳ್ಳೆಯ ಕರ್ಮ, ಇಲ್ಲದಿದ್ದರೆ ಕೆಟ್ಟ ಕರ್ಮ ಎಂದು ವಿಜ್ಞಾನಿಗಳೇ ಕರೆದರು. ಉದ್ದನೆಯ ಓದಿನ ಯಂತ್ರಗಳು ಅಕ್ಷರದ ಜೊತೆಗೆ ಇಂಥ ಮುದ್ರೆಯನ್ನೂ ಗುರುತಿಸಬಲ್ಲವು. ಅಡಿಕೆಯ ಹಸಿರು ಮರದಿಂದ ಅಂಗಾಂಶ ಕೃಷಿಯ ಸಸಿ ಮಾಡಿ ರೈತರಿಗೆ ಕೊಡುವ ಮೊದಲು ನೆನಪಿಡಬೇಕಾದ ಕಥೆ ಇದು. ಐದು ವರ್ಷ ಸಾಕಿದ ಮೇಲೆ ಕೆಟ್ಟ ಕರ್ಮ ಕಂಡರೆ ನಷ್ಟ ತೋಟದವನದು.

ಇನ್ನು ಕಿದುವಿನ ಮಾತು. ತೆಂಗಿನ ಬೀಜವನ್ನು ಭತ್ತದ ಹಾಗೆ ಒಣಗಿಸಿ ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಇಡುವ ಹಾಗಿಲ್ಲ. ಒಣಗಿದರೆ ಸಾಯುತ್ತದೆ, ಇಲ್ಲದಿದ್ದರೆ ಮೊಳೆಯುತ್ತದೆ. ತಳಿ ಉಳಿಯಬೇಕಾದರೆ ಮರವಾಗಿಯೇ ನಿಂತಿರಬೇಕು. ಆದ್ದರಿಂದ ಜಗತ್ತಿನ ತೆಂಗಿನ ತಳಿಗಳನ್ನು ಐದು ಅಂತರರಾಷ್ಟ್ರೀಯ ತೋಟಗಳಲ್ಲಿ ಬೆಳೆಸುತ್ತಾರೆ: ಇಂಡೋನೇಷ್ಯ, ಪಪುವಾ ನ್ಯೂಗಿನಿ, ಐವರಿ ಕೋಸ್ಟ್, ಬ್ರೆಜಿಲ್, ಮತ್ತು ಭಾರತದಲ್ಲಿ ಕಿದು. ಹಿಂದೂ ಮಹಾಸಾಗರದ ದ್ವೀಪಗಳ ತೆಂಗುಗಳು ಇಲ್ಲಿಗೆ ಬಂದಿವೆ. ಕಾಯಿ ಹೊತ್ತು ತರುವುದು ಕಷ್ಟ, ರೋಗವೂ ಜೊತೆಗೆ ಬಂದೀತು. ಅದಕ್ಕಾಗಿ ಕಾಯಿಯೊಳಗಿನ ಬೆರಳ ತುದಿಯಷ್ಟು ಭ್ರೂಣವನ್ನು ಮಾತ್ರ ತೆಗೆದು, ಗಾಜಿನ ಕೊಳವೆಯಲ್ಲಿ ಸಾಕಿ ಸಸಿ ಮಾಡುವ ವಿಧಾನವನ್ನು ಕಾಸರಗೋಡಿನವರು ರೂಢಿಸಿದರು.

ಇಂಥ ತೋಟಗಳು ಎಷ್ಟು ನಾಜೂಕು ಎಂಬುದಕ್ಕೆ ಬೇರೆಡೆಯ ಸುದ್ದಿ ಸಾಕು. ಪಪುವಾ ನ್ಯೂಗಿನಿಯ ಮಡಾಂಗ್‌ನಲ್ಲಿರುವ ತೆಂಗಿನ ಸಂಗ್ರಹಕ್ಕೆ ‘ಬೋಗಿಯ’ ಎಂಬ ರೋಗ ಹತ್ತಿರ ಬಂದು ಅಪಾಯ ತಂದಿತು. ಐವರಿ ಕೋಸ್ಟಿನಲ್ಲಿ ಮಾರಕ ಹಳದಿ ರೋಗದ ಭಯ. ಎರಡೂ ಫೈಟೊಪ್ಲಾಸ್ಮಾದವೇ. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಇನ್ನೊಂದು ಪ್ರತಿ ಹುಡುಕಬಹುದು. ಇಲ್ಲಿ ಮರ ಸತ್ತರೆ, ಅದರ 240 ಕೋಟಿ ಅಕ್ಷರ ಕಂಪ್ಯೂಟರಿನಲ್ಲಿ ಭದ್ರವಾಗಿದ್ದರೂ, ಆ ಅಕ್ಷರಗಳಿಂದ ಮತ್ತೆ ತೆಂಗು ಮೊಳೆಯುವುದಿಲ್ಲ. ‘ಜೀನೋಮ್ ಓದಿ ಆಯಿತು’ ಎಂಬ ಸುದ್ದಿ ಬಂದಾಗಲೆಲ್ಲ ಸಂಗ್ರಹದ ತೋಟಗಳಿಗೆ ದುಡ್ಡು ಕಡಿಮೆ ಮಾಡುವ ಆಸೆ ಯಾವ ಸರ್ಕಾರಕ್ಕೂ ಬರಬಾರದು.

ಹಳದಿ ರೋಗದ ಊರುಗಳಿಗೆ ಇದೆಲ್ಲದರಿಂದ ಸಿಗಬಹುದಾದದ್ದು ಕಾಲದ ಉಳಿತಾಯ. ಲೆಕ್ಕ ಹೀಗೆ. ಈ ವರ್ಷ ಒಂದು ಹಸಿರು ಮರದ ಹಿಂಗಾರಕ್ಕೆ ಇನ್ನೊಂದು ಹಸಿರು ಮರದ ಪರಾಗ ಹಾಕಿದರೆ, ಅಡಿಕೆ ಹಣ್ಣಾಗಲು ವರ್ಷಕ್ಕೆ ಸ್ವಲ್ಪ ಕಡಿಮೆ. ಮೊಳೆತು ನೆಡುವ ಸಸಿಯಾಗಲು ಮತ್ತೆ ಒಂದೂವರೆ ವರ್ಷ. ಹೂ ಬಿಡಲು ನಾಲ್ಕೈದು. ರೋಗದ ನಡುವೆ ತಡೆದೀತೇ ಎಂದು ನಂಬಿಕೆ ಬರಲು ಇನ್ನಷ್ಟು. ರೋಗ ತಡೆಯುವ ಗುಣದ ಗುರುತು ಬರಹದಲ್ಲಿ ಇಂಥಲ್ಲಿದೆ ಎಂದು ಖಚಿತವಾದರೆ, ನರ್ಸರಿಯ ಚೀಲದಲ್ಲಿರುವಾಗಲೇ ಸಸಿಯ ಎಲೆಯ ಚೂರೊಂದನ್ನು ಪರೀಕ್ಷಿಸಿ ಇದು ಇರಲಿ, ಇದು ಬೇಡ ಎನ್ನಬಹುದು. ಆ ಗುರುತು ಇನ್ನೂ ಸಿಗಬೇಕಾಗಿದೆ. ಸಂಪಾಜೆಯ ಕಡೆ ಅಡಿಕೆ ಹೋದ ಕೆಲವು ತೋಟಗಳಲ್ಲಿ ಅಷ್ಟರೊಳಗೆ ರಬ್ಬರ್ ಬಂದಿದೆ, ಎಣ್ಣೆತಾಳೆ ಬಂದಿದೆ. ಉಳಿದವರು ಹಳದಿಯ ನಡುವೆ ಹಸಿರಾಗಿರುವ ಮರ ಕಂಡರೆ ಕಡಿಯದೆ ಬಿಟ್ಟು, ಬಣ್ಣದ ಗುರುತು ಹಾಕಿ, ವಿಟ್ಲಕ್ಕೆ ಒಂದು ಮಾತು ತಿಳಿಸುವುದು ಒಳ್ಳೆಯದು.